ರಾಗಿಯ ರೊಟ್ಟಿಯೂ ಬ್ರೆಡ್ಡೂ: ದಿನದ ಊಟಕ್ಕೂ ಅತಿಥಿಸತ್ಕಾರಕ್ಕೂ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಗೃಹಸ್ಥರ ಮನೆಗಳಲ್ಲಿ ಈಚೆಗೆ ಒಂದು ವಿಚಿತ್ರವಾದ ಪದ್ಧತಿಯು ಕಂಡುಬರುತ್ತಿರುವುದು. ಮನೆಯವರು ಮಾತ್ರವೇ ಇರುವ ದಿವಸ ಒಲೆಯ ಮೇಲೆ ರಾಗಿಯ ಹಿಟ್ಟೋ ರೊಟ್ಟಿಯೋ ಬೇಯುತ್ತಿರುತ್ತದೆ. ಹೊರಗಿನಿಂದ ನಾಲ್ಕು ಜನ ಬಂದರೆಂದರೆ ಒಡನೆಯೇ ಹುಡುಗನೊಬ್ಬನನ್ನು ಅಂಗಡಿಗೆ ಓಡಿಸಿ ಮೈದಾಹಿಟ್ಟಿನ ಬ್ರೆಡ್ಡು, ಬನ್ನು, ಬಿಸ್ಕತ್ತುಗಳನ್ನು ತರಿಸುವರು. ಒಲೆಯ ಮೇಲಿದ್ದ ರೊಟ್ಟಿಯನ್ನು ಒಳಕ್ಕೆ ಸರಿಸಿ ಮುಚ್ಚಿಡುವರು. ತಮ್ಮ ಹೊಲದಲ್ಲಿ ತಾವೇ ಬೆಳೆದ ಧಾನ್ಯವನ್ನು ಅತಿಥಿಯ ಕಣ್ಣಿಗೆ ಬೀಳದಂತೆ ಮರೆಮಾಡುವುದೂ, ಆ ಧಾನ್ಯವನ್ನು ಮಾರಿದ ಹಣದಿಂದಲೇ ಪರಸ್ಥಳದ ಗೋಧಿಯ ಹಿಟ್ಟನ್ನು ಕೊಂಡು ಬಡಿಸುವುದೂ ಯಾವ ಲೆಕ್ಕದಿಂದ ಲಾಭಕರವೆಂಬುದು ನಮಗೆ ತಿಳಿಯದು. ಗ್ರಾಮದ ಯಜಮಾನರ ಮನೆಯಲ್ಲಿ ಏನು ಬಡಿಸುವರೋ ಅದನ್ನೇ ಉಳಿದ ಮನೆಗಳವರು ಮರ್ಯಾದೆಯ ಊಟವೆಂದು ತಿಳಿಯುವುದು ವಾಡಿಕೆಯಾದುದರಿಂದ, ಈ ವಿಷಯವನ್ನು ಮುಖ್ಯವಾಗಿ ಅಂತಹ ಮಹನೀಯರ ಗಮನಕ್ಕೆ ತರಬೇಕೆಂದು ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಈ ಸೀಮೆಯ ಸ್ಥಿತಿಯನ್ನು ಸ್ವಲ್ಪ ನೋಡೋಣ. ಯಳಂದೂರಿನ ಸುತ್ತ ಸುವರ್ಣಾವತಿಯ ನೀರೂ, ಕೊಳ್ಳೇಗಾಲದ ಬಯಲಿನಲ್ಲಿ ಕಾವೇರಿ ಮತ್ತು ಕಾಲುವೆಗಳ ನೀರೂ ಇರುವುದರಿಂದ ಅಲ್ಲಿ ಬತ್ತ, ಕಬ್ಬು, ಹಿಪ್ಪುನೇರಳೆಗಳಿಗೆ ಅವಕಾಶವುಂಟು. 2018ರಲ್ಲಿ ಪ್ರತ್ಯೇಕ ತಾಲ್ಲೂಕಾದ ಹನೂರಿನ ಕಡೆಯಾದರೋ ಬಹುಪಾಲು ಕುಷ್ಕಿ. ಮಳೆಯನ್ನೇ ನಂಬಿದ ರಾಗಿ, ಮುಸುಕಿನ ಜೋಳ, ಅವರೆ, ಹುರುಳಿಗಳ ಸೀಮೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದರಾಸು ಸರಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದು ಮೈಸೂರು ಸೀಮೆಯಲ್ಲಿದ್ದಿತು. ಎರಡು ಸರಕಾರಗಳ ಕೈಕೆಳಗೆ ಇದ್ದಾಗ್ಯೂ ಎರಡೂ ಕಡೆಯ ಜನರ ತಟ್ಟೆಯಲ್ಲಿದ್ದುದು ಒಂದೇ ರಾಗಿ. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಇರುವ ಸೋಲಿಗರು ಸಹ ರಾಗಿಯನ್ನೂ ಕಾಡಿನ ಸೊಪ್ಪುಗಳನ್ನೂ ಕೂಡಿಸಿ ಉಣ್ಣುತ್ತ ಬಂದವರೇ. ಕಂಸಾಳೆಯವರು ಹಾಡುವ ಮಹದೇಶ್ವರನ ಕಥೆಯಲ್ಲಿ ಆ ಮಹಾತ್ಮನು ಸುತ್ತೂರು ಮಠದಲ್ಲಿ ರಾಗಿ ಬೀಸಿದನೆಂದು ಬರುವುದನ್ನು ವಾಚಕರು ಕೇಳಿಯೇ ಇರುವರು. ಮಾದಪ್ಪನು ಬೀಸಿದ ಧಾನ್ಯವನ್ನು ಮಾದಪ್ಪನ ಪರಸೆಗೆ ಹೋಗುವವರು ಕೀಳೆಂದು ಎಣಿಸುವುದು ಸೋಜಿಗವಲ್ಲವೆ?

ಇಷ್ಟಾದರೂ ಬ್ರೆಡ್ಡನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಬ್ರೆಡ್ಡಿನಲ್ಲಿ ಒಂದು ದೊಡ್ಡ ಅನುಕೂಲವುಂಟು. ಅದನ್ನು ಹಿಂದಿನ ದಿವಸವೇ ಮಾಡಿಡಬಹುದು. ಹತ್ತು ಜನ ಬಂದಾಗ ಹೆಂಗಸರು ಹೊಗೆಯಲ್ಲಿ ಕುಳಿತು ಒಂದೊಂದೇ ರೊಟ್ಟಿಯನ್ನು ತಟ್ಟಬೇಕಾದ ಕಷ್ಟವಿಲ್ಲ. ಈ ಅನುಕೂಲವನ್ನೂ ಬಿಡದೆ ರಾಗಿಯನ್ನೂ ಬಿಡದೆ ಇರುವುದು ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ. ಅದಕ್ಕೆ ಉತ್ತರ ದೊರೆಯಬೇಕಾದರೆ ಗೋಧಿಗೂ ರಾಗಿಗೂ ಇರುವ ಒಂದು ಭೇದವನ್ನು ತಿಳಿಯತಕ್ಕದ್ದು.

ಒಂದು ಹಿಡಿ ಗೋಧಿಹಿಟ್ಟನ್ನು ನಾದಿ ಉಂಡೆಮಾಡಿ, ಅರ್ಧ ಗಂಟೆ ಬಿಟ್ಟು, ನೀರಿನ ಬೋಗುಣಿಯಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುವುದು. ಅದು ಹಿಟ್ಟಿನ ಗಂಜಿಯ ಭಾಗ. ನೀರನ್ನು ನಾಲ್ಕಾರು ಸಲ ಬದಲಾಯಿಸಿದ ಮೇಲೆ ಕೈಯಲ್ಲಿ ರಬ್ಬರಿನಂತೆ ಎಳೆದರೆ ಎಳೆಯುವ ಒಂದು ಅಂಟಿನ ಮುದ್ದೆ ಉಳಿಯುವುದು. ಇದಕ್ಕೆ ಗ್ಲೂಟೆನ್ ಎಂದು ಹೆಸರು. ಗೋಧಿಯಲ್ಲಿರುವ ಗ್ಲಯಾಡಿನ್, ಗ್ಲೂಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ತಗುಲಿ ನಾದಲ್ಪಟ್ಟಾಗ ಒಂದರೊಡನೊಂದು ಹೆಣೆದುಕೊಂಡು ಈ ಅಂಟು ಉಂಟಾಗುತ್ತದೆ. ಅದೇ ರೀತಿ ರಾಗಿಹಿಟ್ಟಿನ ಉಂಡೆಯನ್ನು ತೊಳೆದು ನೋಡಿದರೆ ಸಮಸ್ತವೂ ನೀರಿನಲ್ಲಿ ಕದಡಿಹೋಗಿ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ಪರೀಕ್ಷೆಯನ್ನು ಮನೆಯ ಮಕ್ಕಳ ಮುಂದೆ ಮಾಡಿತೋರಿಸಿದರೆ ಅವರು ಪುಸ್ತಕದಲ್ಲಿ ಓದುವುದಕ್ಕಿಂತ ಚೆನ್ನಾಗಿ ಗ್ರಹಿಸುವರು.

ಬ್ರೆಡ್ಡಿನ ಹಿಟ್ಟಿಗೆ ಈಸ್ಟ್ ಎಂಬ ಹುದುಗನ್ನು ಹಾಕುವರಷ್ಟೆ. ಈಸ್ಟ್ ಎಂಬುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿ. ಅದು ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನು ಹೊರಬಿಡುವುದು. ಈ ವಾಯುವು ಗೋಧಿಯ ಅಂಟಿನಲ್ಲಿ ಸಿಕ್ಕಿಕೊಂಡು, ಸಹಸ್ರಾರು ಸಣ್ಣ ಸಣ್ಣ ಬುಗ್ಗೆಗಳಾಗಿ ಹಿಟ್ಟನ್ನು ಉಬ್ಬಿಸುತ್ತದೆ. ಆ ಮೇಲೆ ಬಿಸಿಯಲ್ಲಿ ಹಿಟ್ಟು ಗಟ್ಟಿಯಾಗಿ ಬುಗ್ಗೆಗಳು ಹಾಗೆಯೇ ನಿಲ್ಲುವುವು. ರಾಗಿಯ ಹಿಟ್ಟಿನಲ್ಲಿ ವಾಯುವನ್ನು ಹಿಡಿದಿಡುವ ಚೀಲವೇ ಇಲ್ಲವಾದುದರಿಂದ ಹುದುಗನ್ನು ಎಷ್ಟು ಹಾಕಿದರೂ ಗಾಳಿಯೆಲ್ಲ ಬಿರುಕುಗಳ ಮೂಲಕ ಹೊರಟುಹೋಗುವುದು. ಈ ಸಂಗತಿಯನ್ನು ಅರಿಯದೆ ಈ ಲೇಖಕನು ಒಮ್ಮೆ ಬರಿಯ ರಾಗಿಹಿಟ್ಟಿನಿಂದಲೇ ಬ್ರೆಡ್ಡನ್ನು ಮಾಡಲು ಹೊರಟು, ಎರಡು ಗಂಟೆ ಕಾದು, ಒಂದು ಗಂಟೆ ಬೇಯಿಸಿ ಹೊರತೆಗೆದಾಗ ನೆರೆಮನೆಯ ಅಜ್ಜಿಯು ಅದನ್ನು ಬೆರಳಿನಿಂದ ತಟ್ಟಿ ನೋಡಿ, “ಇದನ್ನ ಒಡೆಯೋಕೆ ಕೊಡಲಿ ತರಬೇಕು ಕಣಪ್ಪ” ಎಂದು ನಕ್ಕದ್ದುಂಟು. ಆಕೆಯ ಮಾತು ಸುಳ್ಳಾಗಿರಲಿಲ್ಲ.

ಆದ್ದರಿಂದ ರಾಗಿಗೆ ತಕ್ಕ ಉಪಾಯವು ಬೇರೆ. ನಮ್ಮ ತಾಯಂದಿರು ಅದನ್ನು ಬಹು ಹಿಂದೆಯೇ ಕಂಡುಕೊಂಡಿದ್ದಾರೆ: ಅಂಟು ಇಲ್ಲದ ಹಿಟ್ಟಿಗೆ ಕುದಿಯುವ ನೀರಿನಿಂದ ಅಂಟನ್ನು ಬರಿಸುವುದು. ಬಿಸಿನೀರು ತಗುಲಿದ ಕೂಡಲೆ ರಾಗಿಯ ಗಂಜಿಯ ಕಣಗಳು ಉಬ್ಬಿ ಒಡೆದು ಪಸೆಯಾಗಿ ಒಂದನ್ನೊಂದು ಹಿಡಿದುಕೊಳ್ಳುವುವು. ತಣ್ಣೀರಿನಿಂದ ಕಲಸಿದ ರಾಗಿಯ ರೊಟ್ಟಿಯು ಅಂಚಿನಲ್ಲಿ ಒಡೆದು, ತಿರುವಿಹಾಕುವಾಗ ಮುರಿದು, ಆರಿದ ಮೇಲೆ ಹಪ್ಪಳದಂತೆ ಆಗುವುದಕ್ಕೂ, ಎಸರಿನಲ್ಲಿ ಕಲಸಿದ ರೊಟ್ಟಿಯು ಸಂಜೆಯವರೆಗೆ ಮೃದುವಾಗಿರುವುದಕ್ಕೂ ಇದೇ ಕಾರಣ.

ದಿನದ ಊಟದ ರೊಟ್ಟಿಗೆ ಕ್ರಮವು ಹೀಗಿರತಕ್ಕದ್ದು. ಎರಡು ಲೋಟ ರಾಗಿಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು ಬೇಕು. ಹಿಟ್ಟು ಹಳೆಯದಾದರೆ ಇನ್ನು ಸ್ವಲ್ಪ ಹಿಡಿಯುವುದು. ನೀರಿಗೆ ಉಪ್ಪು ಹಾಕಿ ಚೆನ್ನಾಗಿ ಮರಳಿದ ಮೇಲೆ ಒಲೆಯಿಂದ ಇಳಿಸಿ, ಹಿಟ್ಟನ್ನು ಒಮ್ಮೆಗೇ ಸುರಿದು ಕೋಲಿನಿಂದ ತಿರುವಿ, ಐದು ನಿಮಿಷ ಮುಚ್ಚಿಡಬೇಕು. ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಬೇಕು. ಒಂದು ಹಿಡಿ ಅನ್ನವನ್ನು ನುರಿದು ಸೇರಿಸುವ ಪದ್ಧತಿಯೂ ಉಂಟು; ಮಿಕ್ಕ ಅನ್ನವು ಹಾಳಾಗದು, ರೊಟ್ಟಿಯೂ ಮೆತ್ತಗಾಗುವುದು. ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ತೆಂಗಿನ ತುರಿ ಇವು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟವಿಲ್ಲ. ಆದರೆ ನುಗ್ಗೆಸೊಪ್ಪನ್ನು ಮಾತ್ರ ಬಿಡಬಾರದೆಂದು ನಮ್ಮ ಶಿಫಾರಸು. ಹಿತ್ತಿಲಿನಲ್ಲಿ ಬೆಳೆದು ಆಡುಗಳ ಪಾಲಾಗುವ ಆ ಸೊಪ್ಪು ರಾಗಿಗೆ ಸರಿಯಾದ ಜೊತೆಗಾರ. ಅವರೆಯ ಕಾಲದಲ್ಲಿ ಬೇಯಿಸಿದ ಅವರೆಕಾಳನ್ನು ಹಿಟ್ಟಿಗೆ ಸೇರಿಸಿ ತಟ್ಟಿದರೆ ರಾಗಿಯಲ್ಲಿ ಕಡಮೆಯಿರುವ ಪ್ರೋಟೀನು ಕಾಳಿನಿಂದ ತುಂಬಿಬರುತ್ತದೆ.

ತಟ್ಟುವುದಕ್ಕೆ ಬಾಳೆಯ ಎಲೆ ಅಥವಾ ಒದ್ದೆಯ ಬಟ್ಟೆ ಸಾಕು. ಹೆಂಚು ಚೆನ್ನಾಗಿ ಕಾದಿರಬೇಕು. ರೊಟ್ಟಿಯನ್ನು ಹಾಕಿದೊಡನೆ ಮೇಲ್ಮೈಗೆ ನೀರಿನ ಕೈಯಾಡಿಸಿ, ಬಣ್ಣ ಬದಲಾದ ಮೇಲೆ ತಿರುವಿಹಾಕಿ, ಕಡೆಯಲ್ಲಿ ಬಟ್ಟೆಯಿಂದ ಒತ್ತಬೇಕು. ಇದಕ್ಕೆ ಉಪ್ಸಾರೂ ಅದರ ಖಾರವೂ ಇದ್ದರೆ ಮತ್ತೊಂದನ್ನು ಬಯಸುವವರು ಈ ಮೂರು ತಾಲ್ಲೂಕುಗಳಲ್ಲಿ ಇರಲಾರರು. ಹುಚ್ಚೆಳ್ಳಿನ ಚಟ್ನಿ, ಬೆಣ್ಣೆ, ಗಟ್ಟಿ ಮೊಸರು ಇವೂ ಸಲ್ಲುವುವು.

ಇನ್ನು ಅತಿಥಿಗಳ ವಿಷಯ. ಅಂತಹ ದಿವಸಕ್ಕೆ ರಾಗಿಯನ್ನು ಕೂಡಿಸಿದ ಬ್ರೆಡ್ಡನ್ನು ಮನೆಯಲ್ಲಿಯೇ ಮಾಡಬಹುದು. ಮೇಲೆ ಹೇಳಿದ ಎರಡು ತತ್ತ್ವಗಳನ್ನೂ, ಎಂದರೆ ಗೋಧಿಯ ಅಂಟನ್ನೂ ರಾಗಿಯ ಎಸರನ್ನೂ, ಇಲ್ಲಿ ಒಟ್ಟಿಗೆ ಉಪಯೋಗಿಸತಕ್ಕದ್ದು. ಹಿಟ್ಟಿನಲ್ಲಿ ನಾಲ್ಕರಲ್ಲೊಂದು ಪಾಲು ರಾಗಿ, ಉಳಿದ ಮೂರು ಪಾಲು ಗೋಧಿ ಇರಲಿ. ಮೂರರಲ್ಲೊಂದು ಪಾಲಿನವರೆಗೂ ರಾಗಿಯನ್ನು ಏರಿಸಬಹುದು, ಆದರೆ ಬ್ರೆಡ್ಡು ಗಿಡ್ಡವಾಗುವುದು. ಅರ್ಧಕ್ಕರ್ಧ ಹಾಕಿದರೆ ಅಜ್ಜಿಯ ಕೊಡಲಿಯು ನೆನಪಿಗೆ ಬರುವುದು.

ಒಂದು ಬ್ರೆಡ್ಡಿಗೆ ರಾಗಿಹಿಟ್ಟು 100 ಗ್ರಾಂ, ಗೋಧಿಯ ಆಟಾ 150 ಗ್ರಾಂ, ಮೈದಾ 150 ಗ್ರಾಂ, ಒಣ ಈಸ್ಟ್ 5 ಗ್ರಾಂ, ಪುಡಿಮಾಡಿದ ಬೆಲ್ಲ 15 ಗ್ರಾಂ, ಉಪ್ಪು 6 ಗ್ರಾಂ, ಎಣ್ಣೆ ಒಂದು ದೊಡ್ಡ ಚಮಚ ಬೇಕಾಗುವುದು. ರಾಗಿಹಿಟ್ಟಿನಲ್ಲಿ ಅರ್ಧವನ್ನು, ಎಂದರೆ 50 ಗ್ರಾಮನ್ನು, 150 ಮಿಲಿಲೀಟರು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಟ್ಟಿಯಾದ ಅಂಬಲಿಯಂತೆ ಕಾಸಿ ಪೂರ್ತಿಯಾಗಿ ಆರಿಸಬೇಕು. ಬಿಸಿಯಿರುವಾಗ ಈಸ್ಟ್‌ನೊಡನೆ ಸೇರಿಸಿದರೆ ಈಸ್ಟ್ ಸತ್ತುಹೋಗುವುದು. ಬೆರಳಿಟ್ಟರೆ ಬೆಚ್ಚಗಿದೆ ಎನ್ನುವಷ್ಟು ಮಾತ್ರ ಇರಲಿ. ಈ ಅಂಬಲಿಯಿಂದಲೇ ಬ್ರೆಡ್ಡಿಗೆ ಎರಡು ದಿನ ಮೃದುತ್ವವು ನಿಲ್ಲುತ್ತದೆ.

ಈಸ್ಟನ್ನೂ ಬೆಲ್ಲವನ್ನೂ ಕಾಲು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಹತ್ತು ನಿಮಿಷ ಬಿಟ್ಟರೆ ನೊರೆ ಏಳುವುದು. ನೊರೆ ಏಳದಿದ್ದರೆ ಈಸ್ಟ್ ಹಳೆಯದೆಂದು ತಿಳಿದು, ಹಿಟ್ಟನ್ನು ಹಾಳುಮಾಡದೆ ಅಲ್ಲಿಗೇ ನಿಲ್ಲಿಸಬೇಕು. ನೊರೆ ಬಂದರೆ ಉಳಿದ ಹಿಟ್ಟುಗಳು, ಉಪ್ಪು, ಅಂಬಲಿ ಎಲ್ಲವನ್ನೂ ಸೇರಿಸಿ, ಬೇಕಾದಷ್ಟು ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸಬೇಕು. ಈಸ್ಟಿನ ನೀರೂ ಸೇರಿ ಅಂಬಲಿಯ ಹೊರತಾಗಿ ಸುಮಾರು 130 ಮಿಲಿಲೀಟರು ಹಿಡಿಯುವುದು. ಚಪಾತಿಯ ಹಿಟ್ಟಿಗಿಂತ ಸಡಿಲವಾಗಿ, ಕೈಗೆ ಸ್ವಲ್ಪ ಅಂಟುವಂತಿರಬೇಕು. ನಮ್ಮ ಹೆಣ್ಣುಮಕ್ಕಳು ಸಾಮಾನ್ಯವಾಗಿ ಇಲ್ಲಿಯೇ ತಪ್ಪುವರು: ಅಂಟುತ್ತದೆಯೆಂದು ಒಣಹಿಟ್ಟನ್ನು ಮೇಲೆ ಮೇಲೆ ಉದುರಿಸಿ ಗಟ್ಟಿಮಾಡಿಬಿಡುವರು. ಕೈಗೆ ಎಣ್ಣೆ ಸವರಿಕೊಂಡು ಹತ್ತು ಹನ್ನೆರಡು ನಿಮಿಷ ನಾದಿದರೆ ಅಂಟುವುದು ತಾನೇ ಕಡಮೆಯಾಗುವುದು.

ಒದ್ದೆಬಟ್ಟೆ ಮುಚ್ಚಿ ಹಿಟ್ಟು ಒಂದೂಮುಕ್ಕಾಲರಷ್ಟು ಉಬ್ಬುವವರೆಗೆ ಬಿಡಬೇಕು. ಚೈತ್ರ ವೈಶಾಖಗಳ ಸೆಕೆಯಲ್ಲಿ ಇದಕ್ಕೆ ಮುಕ್ಕಾಲು ಗಂಟೆಯೂ, ಬೆಟ್ಟದ ಮೇಲಣ ಊರುಗಳಲ್ಲಿ ಮಾರ್ಗಶಿರದ ಚಳಿಯಲ್ಲಿ ಎರಡು ಗಂಟೆಯೂ ಹಿಡಿಯಬಹುದು. ಗಡಿಯಾರವನ್ನಲ್ಲ, ಹಿಟ್ಟನ್ನು ನೋಡಿ ನಡೆಯತಕ್ಕದ್ದು. ಆ ಮೇಲೆ ಗಾಳಿಯನ್ನು ಒತ್ತಿ ತೆಗೆದು, ಉದ್ದನೆಯ ಉಂಡೆಯಾಗಿ ಸುತ್ತಿ, ಎಣ್ಣೆ ಸವರಿದ ತಗಡಿನ ಡಬ್ಬಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಇಟ್ಟು, ಮತ್ತೆ ಅರ್ಧ ಮುಕ್ಕಾಲು ಗಂಟೆ ಉಬ್ಬಲು ಬಿಡಬೇಕು. ಎರಡನೆಯ ಸಲ ಅತಿಯಾಗಿ ಉಬ್ಬಲು ಬಿಟ್ಟರೆ, ರಾಗಿಯಿಂದ ಅಂಟು ಮೊದಲೇ ಬಲಹೀನವಾಗಿರುವುದರಿಂದ, ಒಲೆಯಲ್ಲಿ ನಡುವೆ ಕುಸಿದು ಹಳ್ಳವಾಗುವುದು.

ಓವನ್ ಇರುವವರು 200 ಡಿಗ್ರಿ ಸೆಂಟಿಗ್ರೇಡಿನಲ್ಲಿ 35ರಿಂದ 40 ನಿಮಿಷ ಬೇಯಿಸಿದರೆ ಸರಿ. ಓವನ್ ಇಲ್ಲದವರು ಇದು ನಮಗಲ್ಲವೆಂದು ಬಿಡಬೇಕಾದುದಿಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1970ರ ದಶಕದಿಂದ ನೆಲೆಸಿರುವ ಟಿಬೆಟ್ಟಿನ ನಿರಾಶ್ರಿತರನ್ನು ವಾಚಕರಲ್ಲಿ ಅನೇಕರು ಬಲ್ಲರು. ಆ ಜನರ ಊಟದಲ್ಲಿ ಬಾಲೆಪ್ ಎಂಬ ದಪ್ಪನಾದ ದುಂಡು ರೊಟ್ಟಿಯೊಂದುಂಟು. ಅದನ್ನು ಹಿಟ್ಟನ್ನು ಉಬ್ಬಿಸಿ, ದಪ್ಪ ತಳದ ಬಾಣಲೆಯಲ್ಲಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಮಗ್ಗುಲನ್ನೂ ಬೇಯಿಸುವರು. ಓವನ್ನಿನ ಗೊಡವೆಯೇ ಇಲ್ಲ. ಮೇಲೆ ಹೇಳಿದ ರಾಗಿ ಬೆರೆತ ಹಿಟ್ಟನ್ನೇ ಆರು ಉಂಡೆ ಮಾಡಿ, ಒಂದು ಬೆರಳು ದಪ್ಪಕ್ಕೆ ತಟ್ಟಿ, ಅರ್ಧ ಗಂಟೆ ಬಿಟ್ಟು, ಈ ರೀತಿಯಲ್ಲಿ ಮಗ್ಗುಲಿಗೆ ಏಳೆಂಟು ನಿಮಿಷದಂತೆ ಬೇಯಿಸಬಹುದು. ಮೊದಲ ಸಲ ಪ್ರಯತ್ನಿಸುವವರು ಡಬ್ಬಿಯ ಬ್ರೆಡ್ಡಿಗಿಂತ ಇದನ್ನೇ ಮಾಡುವುದು ಲೇಸು. ಕೆಡುವ ಸಂಭವ ಕಡಮೆ.

ಡಬ್ಬಿಯ ಬ್ರೆಡ್ಡೇ ಬೇಕೆಂಬವರು ಒಂದು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳು ಮರಳನ್ನು ಹಾಸಿ, ಅದರ ಮೇಲೆ ಒಂದು ಸಿಂಬಿಯನ್ನೋ ಸಣ್ಣ ತಟ್ಟೆಯನ್ನೋ ಬೋರಲಿಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ ಕಾಲು ಗಂಟೆ ಕಾಯಿಸಿ, ಆ ಮೇಲೆ ಡಬ್ಬಿಯನ್ನು ಒಳಗಿಡಬೇಕು. ಮಧ್ಯಮ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಐವತ್ತು ನಿಮಿಷ ಹಿಡಿಯುವುದು. ಸೌದೆ ಒಲೆಯಾದರೆ ಮುಚ್ಚಳದ ಮೇಲೆಯೂ ಕೆಂಡವನ್ನು ಹರಡಿದರೆ ಮೇಲ್ಭಾಗವು ಕೆಂಪಗಾಗುತ್ತದೆ. ಗ್ಯಾಸಿನ ಒಲೆಯಲ್ಲಿ ಮೇಲ್ಭಾಗ ಬೆಳ್ಳಗೆ ಉಳಿಯುವುದು, ಅದರಿಂದ ರುಚಿಗೆ ಬಾಧೆಯಿಲ್ಲ. ಡಬ್ಬಿಯಿಂದ ತೆಗೆದು ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಶಬ್ದ ಬರಬೇಕು. ಒಂದು ಗಂಟೆಯಾದರೂ ಆರುವುದಕ್ಕೆ ಮುಂಚೆ ಕತ್ತರಿಸಬಾರದು. ಬಿಸಿಯಲ್ಲಿ ಕತ್ತರಿಸಿದರೆ ಒಳಗೆ ಜಿಗುಟಾಗಿ ಬೇಯದಂತೆಯೇ ತೋರುವುದು. ರಾಗಿ ಸೇರಿದ ಬ್ರೆಡ್ಡಿನಲ್ಲಿ ಇದು ಇನ್ನೂ ಹೆಚ್ಚು.

ಬಡಿಸುವಾಗ ಹೋಳುಗಳನ್ನು ಹೆಂಚಿನ ಮೇಲೆ ಬೆಣ್ಣೆ ಸವರಿ ಎರಡು ಮಗ್ಗುಲೂ ಕೆಂಪಗೆ ಕಾಯಿಸಿ, ಜೊತೆಗೆ ಅವರೆಕಾಳಿನ ಉಸಲಿಯನ್ನೋ ಹುಚ್ಚೆಳ್ಳಿನ ಪುಡಿ ಕಲಸಿದ ಮೊಸರನ್ನೋ ಇಡಬಹುದು. ಬರಿಯ ಚಹದೊಡನೆಯಾದರೆ ಬೆಣ್ಣೆ ಬೆಲ್ಲವೇ ಸಾಕು. ಪಂಚಾಯಿತಿಯ ಸಭೆಗಳಲ್ಲಿಯೂ ಹಾಲಿನ ಸಂಘದ ಸಭೆಗಳಲ್ಲಿಯೂ ಬಿಸ್ಕತ್ತಿನ ಪೊಟ್ಟಣಗಳ ಬದಲಿಗೆ ಇದನ್ನು ಒಮ್ಮೆ ಇಟ್ಟು ನೋಡಬೇಕೆಂದು ಯಜಮಾನರನ್ನು ಕೋರುತ್ತೇವೆ.

ಇಲ್ಲಿ ಒಂದು ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಮೇರೆಗೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವುಂಟು. ಗೋಧಿಯ ಆಟಾದಲ್ಲಿ ಸುಮಾರು 31, ಮೈದಾದಲ್ಲಿ ಸುಮಾರು 20, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಎಂಟಕ್ಕೂ ಕಡಮೆ. ಬೆಳೆಯುವ ಮಕ್ಕಳ ಮೂಳೆಗೂ, ಬಸುರಿ ಬಾಣಂತಿಯರಿಗೂ, ವಯಸ್ಸಾದ ಹೆಂಗಸರಿಗೂ ಈ ಅಂಶವು ಎಷ್ಟು ಅವಶ್ಯಕವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 50 ಗ್ರಾಂ ಹಿಟ್ಟಿನ ಎರಡು ರಾಗಿರೊಟ್ಟಿಯನ್ನು ತಿಂದವನಿಗೆ 364 ಮಿಲಿಗ್ರಾಂ ಪೂರ್ತಿಯಾಗಿ ತಟ್ಟೆಗೆ ಬಂದಿತು. ನಾವು ಮೇಲೆ ವರ್ಣಿಸಿದ ಬ್ರೆಡ್ಡನ್ನು ಹದಿನಾಲ್ಕು ಹೋಳು ಮಾಡಿದರೆ ಒಂದು ಹೋಳಿಗೆ ಬರುವುದು ಸುಮಾರು 30 ಮಿಲಿಗ್ರಾಂ ಮಾತ್ರ. ಎರಡು ರೊಟ್ಟಿಗೆ ಸಮನಾಗಬೇಕಾದರೆ ಒಬ್ಬನೇ ಹನ್ನೆರಡು ಹೋಳುಗಳನ್ನು ತಿನ್ನಬೇಕು! ಆದುದರಿಂದ ರಾಗಿಯ ಬ್ರೆಡ್ಡು ನೆಂಟರ ಮುಂದೆ ಇಡಲು ಯೋಗ್ಯವಾದುದೇ ಹೊರತು, ದಿನದ ರೊಟ್ಟಿಯ ಸ್ಥಾನವನ್ನು ಅದಕ್ಕೆ ಕೊಟ್ಟರೆ ಮನೆಯ ಮಕ್ಕಳಿಗೆ ನಷ್ಟವುಂಟು. ಬ್ರೆಡ್ಡು ಮಾಡಲು ಕಲಿತ ಉತ್ಸಾಹದಲ್ಲಿ ಹೆಂಚನ್ನು ಅಟ್ಟಕ್ಕೆ ಏರಿಸಬಾರದು.

ಅಂಗಡಿಯಲ್ಲಿ “ರಾಗಿ ಬ್ರೆಡ್ಡು” ಎಂದು ಕೊಳ್ಳುವವರಿಗೂ ಈ ಲೆಕ್ಕವು ಅನ್ವಯಿಸುವುದು. ಪೊಟ್ಟಣದ ಹಿಂಬದಿಯಲ್ಲಿ ಸೇರಿಸಿದ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಾಗಿರುವುದು ಮೊದಲು ಬರುವಂತೆ ಬರೆಯಬೇಕೆಂಬುದು ಕಾನೂನು. ಮೈದಾ ಮೊದಲಲ್ಲಿಯೂ ರಾಗಿ ಕಡೆಯಲ್ಲಿಯೂ ಇದ್ದರೆ ಬಣ್ಣವನ್ನು ನೋಡಿ ಮರುಳಾಗತಕ್ಕದ್ದಲ್ಲ. ಕಂದು ಬಣ್ಣವು ಸುಟ್ಟ ಸಕ್ಕರೆಯಿಂದಲೂ ಬರುವುದು.

ಇದೇ ಸಂದರ್ಭದಲ್ಲಿ ಹಿಟ್ಟನ್ನು ಜರಡಿ ಹಿಡಿಯುವ ವಿಷಯವನ್ನೂ ಹೇಳಬೇಕು. ನೆಂಟರಿಗೆ ರೊಟ್ಟಿ ಬೆಳ್ಳಗೆ ಕಾಣಲೆಂದು ಕೆಲವರು ರಾಗಿಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ತೌಡನ್ನು ಎಮ್ಮೆಗೆ ಹಾಕುವರು. ರಾಗಿಯ ಸುಣ್ಣದಂಶದಲ್ಲಿ ಬಹುಭಾಗವು ಹೊರಸಿಪ್ಪೆಯಲ್ಲಿಯೇ ಇರುವುದರಿಂದ ಎಮ್ಮೆಗೆ ಲಾಭ, ಮನೆಯವರಿಗೆ ನಷ್ಟ. ಕಲ್ಲು ಮಣ್ಣು ಹೋಗುವಂತೆ ಕಾಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಗಿರಣಿಯಲ್ಲಿ ನುಣ್ಣಗೆ ಬೀಸಿಸಿದರೆ ಜರಡಿಯ ಅವಶ್ಯಕತೆಯೇ ಬೀಳದು. ಅದೇ ಸಿಪ್ಪೆಯಲ್ಲಿರುವ ಒಗರು ಪದಾರ್ಥವೂ, ಕಾಳಿನಲ್ಲಿರುವ ಫೈಟೇಟ್ ಎಂಬ ಪದಾರ್ಥವೂ ಸುಣ್ಣ ಕಬ್ಬಿಣಗಳನ್ನು ಮೈಗೆ ಹತ್ತದಂತೆ ಸ್ವಲ್ಪ ತಡೆಯುತ್ತವೆ ಎಂಬುದು ನಿಜ. ಮೊಳಕೆ ಬರಿಸುವುದರಿಂದಲೂ ಹುಳಿ ಬರಿಸುವುದರಿಂದಲೂ ಈ ತಡೆ ಕಡಮೆಯಾಗುವುದು. ನಮ್ಮ ಹಳೆಯ ಹುಳಿ ಅಂಬಲಿಯೂ, ಮಕ್ಕಳಿಗೆ ಕೊಡುವ ಮೊಳಕೆ ರಾಗಿಯ ಸರಿಯೂ ಈ ದೃಷ್ಟಿಯಿಂದ ಬಹಳ ಯುಕ್ತವಾದುವು. ರಾಗಿಯ ಮೂಲಸ್ಥಾನವಾದ ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿಯೂ, ಇಥಿಯೋಪಿಯದವರು ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ, ನಮ್ಮ ದೋಸೆಯನ್ನು ಹೋಲುವ ಇಂಜೆರ ಎಂಬ ಅಗಲವಾದ ರೊಟ್ಟಿಯನ್ನು ಹುಯ್ಯುವರು. ಕೆಲವೆಡೆ ಅದಕ್ಕೆ ರಾಗಿಯನ್ನೂ ಬೆರಸುವುದುಂಟು. ಗೋಧಿಯ ಅಂಟಿಲ್ಲದ ಧಾನ್ಯವನ್ನು ಉಬ್ಬಿಸಬೇಕಾದರೆ ಗಟ್ಟಿ ಹಿಟ್ಟಿಗಿಂತ ಸಂಪಣವೇ ಮೇಲೆಂದು ಆ ಜನರೂ ನಮ್ಮ ಜನರೂ ಬೇರೆ ಬೇರೆಯಾಗಿಯೇ ಕಂಡುಕೊಂಡಿರುವರು.

ಸಕ್ಕರೆ ರೋಗವಿರುವವರು ರಾಗಿಯನ್ನು ಎಷ್ಟು ತಿಂದರೂ ಬಾಧೆಯಿಲ್ಲವೆಂಬ ಮಾತು ಊರೂರುಗಳಲ್ಲಿ ಹಬ್ಬಿರುವುದು. ಅದು ಸರಿಯಲ್ಲ. ರಾಗಿಯಲ್ಲಿ ನಾರು ಹೆಚ್ಚು, ನಿಜ; ಆದರೂ ಅದರ ಬಹುಪಾಲು ಗಂಜಿಯೇ. ಸೊಪ್ಪು ಕಾಳುಗಳೊಡನೆ ಮಿತವಾಗಿ ತಿಂದರೆ ಗುಣ. ದೊಡ್ಡ ಮುದ್ದೆಯನ್ನು ತಿಳಿಸಾರಿನಲ್ಲಿ ಅದ್ದಿ ನುಂಗಿದರೆ ಸಕ್ಕರೆ ಏರಿಯೇ ಏರುವುದು. ಗೋಧಿಯ ಗ್ಲೂಟೆನ್ ಒಗ್ಗದೆಂದು ವೈದ್ಯರು ಹೇಳಿರುವವರಿಗೆ ಮಾತ್ರ ಬರಿಯ ರಾಗಿಯ ರೊಟ್ಟಿಯು ನಿಸ್ಸಂಶಯವಾಗಿ ಹಿತಕರ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿ ಅದರ ಹಿಂದೆಯೇ ಬೀಸಿಸಿದ ಹಿಟ್ಟು ಅವರಿಗೆ ಆಗದು.

ಮದುವೆ, ಪರಸೆ ಮುಂತಾದ ನೂರಾರು ಜನರ ಊಟದಲ್ಲಿ ರೊಟ್ಟಿಯನ್ನಾಗಲಿ ಬ್ರೆಡ್ಡನ್ನಾಗಲಿ ಒದಗಿಸುವುದು ಕಷ್ಟ. ಅಲ್ಲಿಗೆ ರಾಗಿಯ ಹುರಿಹಿಟ್ಟು ಇದೆ. ರಾಗಿಗೆ ನೀರು ಚಿಮುಕಿಸಿ ನೆನೆಯಲು ಬಿಟ್ಟು, ಬಿಸಿಯಾದ ಬಾಣಲೆಯಲ್ಲಿ ಅರಳುವಂತೆ ಹುರಿದು ಬೀಸಿದ ಈ ಹಿಟ್ಟಿಗೆ ಮತ್ತೆ ಬೆಂಕಿ ಬೇಡ. ಬೆಲ್ಲ, ಕಾಯಿತುರಿ, ಏಲಕ್ಕಿ, ಸ್ವಲ್ಪ ತುಪ್ಪ ಸೇರಿಸಿ ಉಂಡೆ ಕಟ್ಟಿದರೆ ಮುಗಿಯಿತು. ಅದರ ಘಮಕ್ಕೆ ಸಮನಾದ ಬಿಸ್ಕತ್ತನ್ನು ನಾವಂತೂ ಕಂಡಿಲ್ಲ.

ಈ ಎಲ್ಲ ಮಾತುಗಳಿಗೂ ಹೊಲಕ್ಕೂ ಸಂಬಂಧವುಂಟು. ಮನೆಯಲ್ಲಿ ಉಣ್ಣದ ಧಾನ್ಯವನ್ನು ಹೊಲದಲ್ಲಿ ಬಹುಕಾಲ ಯಾರೂ ಉಳಿಸಿಕೊಳ್ಳರು. ಪಡಿತರದ ಅಕ್ಕಿ ಸುಲಭವಾಗಿ ದೊರೆಯುವುದೂ, ಮುಸುಕಿನ ಜೋಳಕ್ಕೆ ಕೋಳಿಯ ಆಹಾರದ ವ್ಯಾಪಾರಿಗಳು ಹೊಲದ ಬದಿಗೇ ಬರುವುದೂ ಸೇರಿ ನಮ್ಮ ಕುಷ್ಕಿ ಜಮೀನುಗಳಲ್ಲಿ ರಾಗಿಯು ಮೂಲೆಗೆ ಸರಿಯುತ್ತಿರುವುದನ್ನು ವಾಚಕರು ಕಣ್ಣಾರೆ ಕಂಡಿದ್ದಾರೆ. ಬೀಜದ ಕೊರತೆಯೇನೂ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಇಂಡಿಯ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟುಹೋದರು. ಬೆಂಕಿರೋಗವನ್ನು ತಡೆಯುವ ಜಿಪಿಯು 28 ತಳಿಯು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದಿತು. ಇಂಡಿಯದ ಸೂಚನೆಯ ಮೇಲೆ ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. 2025–26ನೇ ಸಾಲಿಗೆ ಕೇಂದ್ರ ಸರಕಾರವು ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿತು, ಎಂದರೆ ಕಿಲೋ ಒಂದಕ್ಕೆ 49 ರೂಪಾಯಿಗೆ ಸ್ವಲ್ಪ ಕಡಮೆ. ಮನೆಗೆ ಕೊಳ್ಳುವ ಒಂದು ಸಾಮಾನ್ಯ ಬ್ರೆಡ್ಡಿನ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು. ಎಲ್ಲ ರಾಗಿಯನ್ನೂ ಮಾರದೆ ವರ್ಷದ ಮನೆಬಳಕೆಗೆ ಬೇಕಾದಷ್ಟನ್ನು ಮೊದಲು ತೆಗೆದಿಡುವುದು ಹಿಂದಿನವರ ಕ್ರಮವಾಗಿದ್ದಿತು.

ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಬತ್ತಕ್ಕೂ ರಾಗಿಗೂ ವಾದವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಲು ರಾಗಿಯು ಕೆಡದೆ ಉಳಿಯಿತೆಂಬ ಕಥೆಯು ಕೇವಲ ಕವಿಯ ಕಲ್ಪನೆಯಲ್ಲ. ಒಣಗಿಸಿದ ರಾಗಿಯ ಕಾಳು ಬಹು ಸಣ್ಣದೂ ಗಟ್ಟಿಯೂ ಆದುದರಿಂದ ಅದಕ್ಕೆ ಹುಳು ಸುಲಭವಾಗಿ ಹತ್ತುವುದಿಲ್ಲ. ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದುದು ಇದರಿಂದಲೇ. ಈಗ ಹಗೇವು ತೋಡುವವರಿಲ್ಲವಾದರೂ ಬಿಗಿ ಮುಚ್ಚಳದ ತಗಡಿನ ಡ್ರಮ್ಮು ಅದೇ ಕೆಲಸವನ್ನು ಮಾಡುವುದು. ಆದರೆ ಈ ಬಾಳಿಕೆಯು ಕಾಳಿಗೆ ಮಾತ್ರ, ಹಿಟ್ಟಿಗಲ್ಲ. ಹಿಟ್ಟನ್ನು ಒಂದು ಸಲಕ್ಕೆ ಹದಿನೈದು ಇಪ್ಪತ್ತು ದಿವಸಗಳಿಗೆ ಸಾಲುವಷ್ಟು ಮಾತ್ರ ಬೀಸಿಸಿ, ಗಿರಣಿಯಿಂದ ತಂದ ಬಿಸಿಹಿಟ್ಟನ್ನು ಹರಡಿ ಆರಿಸಿ ಡಬ್ಬಿಗೆ ತುಂಬತಕ್ಕದ್ದು. ಮಳೆಗಾಲದಲ್ಲಿ ಇನ್ನೂ ಕಡಮೆ ಬೀಸಿಸಬೇಕು. ಮನೆಯ ಬ್ರೆಡ್ಡು ಎರಡು ದಿವಸ ಚೆನ್ನಾಗಿರುವುದು; ಮೂರನೆಯ ದಿವಸ ಒಣಗಿದುದನ್ನು ಪುಡಿಮಾಡಿ ಒಗ್ಗರಣೆ ಕೊಟ್ಟು ಉಪ್ಪಿಟ್ಟಿನಂತೆ ತಿನ್ನಬಹುದು. ಹಸುರು ಬೂಷ್ಟು ಒಂದು ಚುಕ್ಕೆಯಷ್ಟು ಕಂಡರೂ ಆ ಭಾಗವನ್ನು ಮಾತ್ರ ಕಿತ್ತುಹಾಕಿ ಉಳಿದುದನ್ನು ತಿನ್ನಬಾರದು, ದನಕ್ಕೂ ಹಾಕಬಾರದು. ಪೂರ್ತಿಯಾಗಿ ತಿಪ್ಪೆಗೆ ಸೇರಿಸಬೇಕು.